ಕರ್ಫ್ಯೂವಿನ ಏಪ್ರಿಲ್‌ನಲ್ಲಿ ನಮ್ಮ ಮನೆ, ನಮ್ಮ ಸಭೆ

ನಾವು ಬೆಟಗೇರಿಯಿಂದ ನೇಪಾಳಕ್ಕೆ ಹೋದದ್ದು 2003ರಲ್ಲಿ, ಸರ್ಕಾರಕ್ಕೂ ಮಾವೋವಾದಿಗಳಿಗೂ ನಡುವೆ ಕದನವಿರಾಮ ಇದ್ದ ಆ ಕೆಲವು ತಿಂಗಳಲ್ಲಿ. ಇನ್ನು ಎಲ್ಲ ಸರಿಹೋಗುತ್ತದೆ ಎಂಬ ಮಾತು ಎಲ್ಲೆಡೆ ಇತ್ತು. ಆಗಸ್ಟ್‌ನಲ್ಲಿ ಕದನವಿರಾಮ ಮುರಿದುಬಿತ್ತು. ಅಷ್ಟರಲ್ಲಿ ನಾವು ಕಠ್ಮಂಡು ಕಣಿವೆಯಲ್ಲಿ, ರಾಜಧಾನಿಯ ಪಕ್ಕದಲ್ಲೇ ಇರುವ ಪಾಟನ್‌ನ ಹಳೆಯ ಓಣಿಯೊಂದರಲ್ಲಿ ಮನೆ ಹಿಡಿದು, ಮಗಳನ್ನು ಶಾಲೆಗೆ ಸೇರಿಸಿ, ಮಗನಿಗೆ ಅಲ್ಲಿನ ಚಳಿಯನ್ನು ರೂಢಿ ಮಾಡಿಸಿ ಆಗಿತ್ತು. ನನ್ನ ಗಂಡನಿಗೆ ಹಳ್ಳಿಗಳಿಂದ ಬರುವ ಸಭಾಪಾಲಕರಿಗೆ ಸತ್ಯವೇದ ಕಲಿಸುವ ಕೆಲಸ. ನಾನು ನರ್ಸ್, ತಾಯಿ ಮಕ್ಕಳ ಆರೋಗ್ಯದ ಕೇಂದ್ರವೊಂದರಲ್ಲಿ ದುಡಿಯುತ್ತಿದ್ದೆ.

ಮಿಷನರಿ ಎಂದೊಡನೆ ನಮ್ಮ ಕಡೆಯವರ ಕಣ್ಣ ಮುಂದೆ ಬರುವ ಚಿತ್ರ ಬೇರೆ. ನೇಪಾಳ ಆಗ ಹಿಂದೂ ರಾಷ್ಟ್ರವಾಗಿತ್ತು. 1990ರ ಸಂವಿಧಾನ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಆಚರಿಸುವ ಹಕ್ಕು ಕೊಟ್ಟಿತ್ತು, ಇನ್ನೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸಿತ್ತು. ಕ್ರೈಸ್ತ ಸಭೆಯನ್ನು ನಡೆಸುವವರು ನೇಪಾಳಿಗಳೇ. ನಾವು ಅವರ ಹಿಂದೆ ನಿಲ್ಲುವವರು: ಕಲಿಸುವುದು, ಶುಶ್ರೂಷೆ ಮಾಡುವುದು, ಕರೆದಾಗ ಹೋಗುವುದು. ಅದು ಕಾನೂನಿನ ಮಾತು ಮಾತ್ರವಲ್ಲ, ಸರಿಯಾದ ರೀತಿಯೂ ಅದೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ನಮ್ಮ ಸಭೆ ಸೇರುತ್ತಿದ್ದುದು ಶನಿವಾರ, ಏಕೆಂದರೆ ಅಲ್ಲಿ ವಾರದ ರಜೆ ಅಂದೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕುಳಿತು, ಮಾದಲ್ ಎಂಬ ಡೋಲು ಬಾರಿಸಿಕೊಂಡು ಹಾಡುವ ಸಭೆ ಅದು. ಒಬ್ಬರನ್ನೊಬ್ಬರು ಕಂಡಾಗ ‘ಜಯ ಮಸೀಹ’ ಎನ್ನುತ್ತಿದ್ದೆವು. ಆ ಚಾಪೆಯ ಮೇಲೆ ಒಬ್ಬ ಪೊಲೀಸ್ ಹವಾಲ್ದಾರ ಇದ್ದ, ಅವನ ಹೆಂಡತಿ ಇದ್ದಳು. ಬೀದಿಗಿಳಿದು ರಾಜನ ವಿರುದ್ಧ ಘೋಷಣೆ ಕೂಗುವ ಕ್ಯಾಂಪಸ್ ಹುಡುಗರೂ ಇದ್ದರು. 2006ರ ಏಪ್ರಿಲ್‌ನಲ್ಲಿ ನಮಗೆ ಎದುರಾದ ನಿಜವಾದ ಪ್ರಶ್ನೆ ಇದೇ. ಗುಂಡಿನ ಭಯ, ಸೀಮೆಎಣ್ಣೆಯ ಕೊರತೆ ಎಲ್ಲ ಆಮೇಲಿನವು. ಇವರಿಬ್ಬರೂ ಒಂದೇ ಚಾಪೆಯ ಮೇಲೆ ಉಳಿಯುತ್ತಾರೆಯೇ ಎಂಬುದೇ ನನ್ನ ಗಂಡನ ನಿದ್ದೆ ಕೆಡಿಸಿದ್ದು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 2005ರ ಫೆಬ್ರುವರಿ 1ರಂದು ರಾಜ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರವನ್ನು ತಾನೇ ವಹಿಸಿಕೊಂಡ. ಆ ದಿನ ಫೋನುಗಳೆಲ್ಲ ಸತ್ತುಹೋದವು; ಊರಿನಲ್ಲಿ ನನ್ನ ತಾಯಿತಂದೆಗೆ ನಾವು ಇದ್ದೇವೋ ಇಲ್ಲವೋ ತಿಳಿಯುವುದಕ್ಕೆ ವಾರವೇ ಹಿಡಿಯಿತು. ಮುಂದೆ ಏಳು ಪಕ್ಷಗಳು ಒಂದಾದವು, ಮಾವೋವಾದಿಗಳ ಜತೆ ಒಪ್ಪಂದಕ್ಕೆ ಬಂದವು, 2006ರ ಏಪ್ರಿಲ್ 6ರಿಂದ ನಾಲ್ಕು ದಿನದ ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟವು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅನಿರ್ದಿಷ್ಟ ಕಾಲದ ಮುಷ್ಕರ ಎಂದು ಘೋಷಣೆಯಾಯಿತು.

ಕರ್ಫ್ಯೂ ಎಂದರೇನೆಂದು ಅದರೊಳಗೆ ಮಕ್ಕಳನ್ನು ಸಾಕಿದವರಿಗೆ ಗೊತ್ತು. ಬೆಳಿಗ್ಗೆ ರೇಡಿಯೊ ಹಾಕಿದರೆ ಇವತ್ತು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಹೇಳುತ್ತಿದ್ದರು. ಆಚೆ ಬಂದರೆ ಗುಂಡು ಹಾರಿಸುವ ಆದೇಶವಿದೆ ಎನ್ನುತ್ತಿದ್ದರು. ಕರ್ಫ್ಯೂ ಇಲ್ಲದ ಬೆಳಗಿನ ಕೆಲವು ಗಂಟೆಯಲ್ಲೇ ಬದುಕನ್ನೆಲ್ಲ ಮುಗಿಸಬೇಕು. ಪಾಟನ್‌ನ ಹಳೆಯ ಕಲ್ಲಿನ ನಲ್ಲಿಗಳ ಮುಂದೆ, ಅಲ್ಲಿನವರು ‘ಹಿಟಿ’ ಎನ್ನುವ ಆ ತಗ್ಗಿನ ಕಟ್ಟೆಗಳಲ್ಲಿ, ನಸುಕಿನಲ್ಲೇ ಗಾಗ್ರಿಗಳ ಸಾಲು. ಕಣಿವೆಯ ಆಚೆಯಿಂದ ತರಕಾರಿ ಬರುವ ಹೆದ್ದಾರಿಗಳು ಮುಚ್ಚಿದ್ದವು. ಮೊದಲು ಟೊಮೆಟೊ ಹೋಯಿತು, ಆಮೇಲೆ ಆಲೂಗಡ್ಡೆ. ಮನೆಯೊಡತಿ ಕಣಿವೆಯ ಮೂಲನಿವಾಸಿ ನೇವಾರ್ ಸಮುದಾಯದ ಹೆಂಗಸು. ತನ್ನ ಅಟ್ಟದಿಂದ ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು, ತಂದುಕೊಟ್ಟಳು. ಬೇಳೆ, ಅನ್ನ, ಗುಂದ್ರುಕ್ ಸಾರು ನಮ್ಮ ನಿತ್ಯದ ಊಟವಾಯಿತು. ಅನಿಲದ ಸಿಲಿಂಡರ್ ಮುಗಿದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲವಾದ್ದರಿಂದ ದಿನಕ್ಕೆ ಒಂದೇ ಸಲ ಒಲೆ ಹಚ್ಚುತ್ತಿದ್ದೆ. ರಾತ್ರಿಗೆ ಅವಲಕ್ಕಿ.

ಏಪ್ರಿಲ್ 8 ಶನಿವಾರ. 1990ರಲ್ಲಿ ರಾಜ ಬೀರೇಂದ್ರ ಪಕ್ಷಗಳ ಮೇಲಿನ ನಿಷೇಧವನ್ನು ತೆಗೆದ ದಿನವೂ ಅದೇ. ಅಂದು ಕಠ್ಮಂಡುವಿನಲ್ಲಿ ದೊಡ್ಡ ಸಮಾವೇಶ ನಡೆಸುವುದಾಗಿ ಪಕ್ಷಗಳು ಹೇಳಿದ್ದವು. ಹಗಲು ಕರ್ಫ್ಯೂ ಬಿತ್ತು. ಮೊಬೈಲ್ ಸೇವೆಯನ್ನು ಸರ್ಕಾರ ಕಡಿದಿತ್ತು. ಆರಾಧನೆ ಬೆಳಗಿನ 6ಕ್ಕೆ ಎಂಬ ಸುದ್ದಿಯನ್ನು ಹಬ್ಬಿಸಿದವರು ಹಿಟಿಯ ಮುಂದೆ ನೀರಿಗೆ ನಿಂತ ನಮ್ಮ ಸಭೆಯ ಹೆಂಗಸರು. ಒಬ್ಬಳು ಇನ್ನೊಬ್ಬಳಿಗೆ, ಅವಳು ಪಕ್ಕದ ಓಣಿಯವಳಿಗೆ. ರಿಂಗ್ ರೋಡಿನ ಆಚೆಯವರು ಬರುವುದು ಬೇಡ, ತಮ್ಮ ತಮ್ಮ ಬಡಾವಣೆಯಲ್ಲೇ ಯಾರದಾದರೂ ಮನೆಯಲ್ಲಿ ಕೂಡಲಿ ಎಂದು ಹಿರಿಯರು ತೀರ್ಮಾನಿಸಿದರು. ಹೀಗೆ ಒಂದು ಸಭೆ ಐದಾರು ಮನೆಗಳ ಸಭೆಯಾಯಿತು. ಮಾದಲ್ ಇಲ್ಲ, ಗಟ್ಟಿ ಹಾಡಿಲ್ಲ. 46ನೇ ಕೀರ್ತನೆಯನ್ನು ಓದಿದೆವು. ಬೆಟ್ಟಗಳು ಸಮುದ್ರದಲ್ಲಿ ಮುಳುಗಿದರೂ ಹೆದರೆವು ಎನ್ನುವ ಕೀರ್ತನೆ. ಬೆಟ್ಟಗಳ ನಡುವೆ ಹುಟ್ಟಿ ಬೆಳೆದವರ ಬಾಯಲ್ಲಿ ಅದನ್ನು ಕೇಳುವುದೇ ಬೇರೆ.

ಮಕ್ಕಳಿಗೆ ಏನು ಹೇಳುವುದು? ನೇಪಾಳದ ಶಾಲಾ ವರ್ಷ ಬೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ ಶುರುವಾಗುತ್ತದೆ. ಮಗಳು ಹೊಸ ತರಗತಿಯ ಪುಸ್ತಕಕ್ಕೆ ಕಾಯುತ್ತಿದ್ದಳು. ಮಗನಿಗೆ ಐದು ವರ್ಷ. ಟೈರ್ ಸುಡುವ ವಾಸನೆಗೂ ಅಶ್ರುವಾಯುವಿಗೂ ವ್ಯತ್ಯಾಸ ಹೇಳುವಷ್ಟು ಅವನು ಬೇಗನೆ ಕಲಿತುಬಿಟ್ಟ. ಒದ್ದೆ ಬಟ್ಟೆಗಳ ಪಾತ್ರೆಯೊಂದು ಬಾಗಿಲ ಹತ್ತಿರ ಯಾವಾಗಲೂ ಇರುತ್ತಿತ್ತು. ಸುಳ್ಳು ಹೇಳಬಾರದು, ಎಲ್ಲವನ್ನೂ ಹೇಳಲೂಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ‘ದೊಡ್ಡವರು ಜಗಳವಾಡುತ್ತಿದ್ದಾರೆ, ಮುಗಿಯುವವರೆಗೆ ನಾವು ಒಳಗೆ’ ಎಂದೆ. ‘ಯಾರು ಗೆದ್ದರೆ ಶಾಲೆ ತೆರೆಯುತ್ತದೆ?’ ಎಂದು ಮಗಳು ಕೇಳಿದಳು. ಸಂಜೆ ದೀಪ ಆರಿಸಿ ತಟ್ಟೆ ಬಡಿಯುವ ಪ್ರತಿಭಟನೆ ಶುರುವಾದಾಗ ಓಣಿಯ ಮಕ್ಕಳೆಲ್ಲ ಮಾಳಿಗೆಯ ಮೇಲೆ. ನಮ್ಮವರಿಗೂ ತಟ್ಟೆ ಬೇಕು. ನಾನು ಕೊಡಲಿಲ್ಲ. ನಾವು ಈ ದೇಶದ ಅತಿಥಿಗಳು, ಅವರ ಮನೆಯ ನ್ಯಾಯದಲ್ಲಿ ನಾವು ಬಾಯಿ ಹಾಕುವಂತಿಲ್ಲ ಎಂದು ಕೂರಿಸಿಕೊಂಡು ಹೇಳಿದೆ. ದೀಪವನ್ನು ಮಾತ್ರ ಆರಿಸಿದೆವು. ಇಡೀ ಓಣಿ ಕತ್ತಲಲ್ಲಿರುವಾಗ ನಮ್ಮ ಕಿಟಕಿಯೊಂದೇ ಉರಿಯುವುದು ತರವಲ್ಲ.

ಅಪ್ಪ ಲ್ಯಾಂಡ್‌ಲೈನಿಗೆ ಫೋನು ಮಾಡಿ ‘ಮಕ್ಕಳನ್ನು ಕರೆದುಕೊಂಡು ಬಂದುಬಿಡವ್ವಾ’ ಎನ್ನುತ್ತಿದ್ದರು. ನಮ್ಮನ್ನು ಕಳುಹಿಸಿದ ಸಂಸ್ಥೆಯವರೂ ಹೊರಡುವುದಾದರೆ ಹೊರಡಿ, ನಿರ್ಧಾರ ನಿಮ್ಮದೇ ಎಂದು ಇಮೇಲ್ ಬರೆದಿದ್ದರು. ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು. ಮರುದಿನ ಬೆಂಗಳೂರಿನಲ್ಲೂ ಬೆಂಕಿ, ಕಲ್ಲು, ಗೋಲಿಬಾರ್. ಪೊಲೀಸರೊಬ್ಬರೂ ಸೇರಿದಂತೆ ಹಲವರು ಸತ್ತರು. ನನ್ನ ತಮ್ಮ ಆಗ ಬೆಂಗಳೂರಿನಲ್ಲಿದ್ದ. ಆ ದಿನ ಕಠ್ಮಂಡುವಿನಿಂದ ಬೆಟಗೇರಿಗೆ ಫೋನು ಮಾಡಿ ಅವನ ಕ್ಷೇಮ ವಿಚಾರಿಸಿದವಳು ನಾನು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲಿದ್ದರೂ ದೇವರ ಕೈಯಲ್ಲೇ ಇರಬೇಕಲ್ಲ’ ಎಂದರು. ಮತ್ತೆ ಅವರು ವಾಪಸ್ಸು ಬರಲು ಹೇಳಲಿಲ್ಲ. ಅಣ್ಣಾವ್ರ ಹಾಡು ಹೇಳಿಕೊಂಡೇ ಮಕ್ಕಳನ್ನು ಮಲಗಿಸಿದವಳು ನಾನು. ಆ ರಾತ್ರಿ ಬೇರೆಯೇ ದುಃಖವಿತ್ತು, ಅದನ್ನು ಹಂಚಿಕೊಳ್ಳಲು ಗಂಡನ ಹೊರತು ಕನ್ನಡದವರು ಯಾರೂ ಇರಲಿಲ್ಲ.

ಉಳಿಯುವ ನಿರ್ಧಾರ ಧೈರ್ಯದಿಂದ ಬಂದದ್ದಲ್ಲ. ಗಡಿಯವರೆಗಿನ ರಸ್ತೆ ಮುಚ್ಚಿತ್ತು. ರಸ್ತೆ ತೆರೆದಿದ್ದರೂ ನಾವು ಹೊರಡುತ್ತಿರಲಿಲ್ಲ ಎನ್ನುವುದೂ ನಿಜ. ಸಭೆಯವರಿಗೆ ಹೋಗಲು ಬೇರೆ ದೇಶವಿರಲಿಲ್ಲ.

ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 14ರಂದು ಬಂದಿತ್ತು. ವಿಕ್ರಮ ಸಂವತ್ 2063ರ ಬೈಶಾಖ 1, ನೇಪಾಳಿ ಹೊಸವರ್ಷವೂ ಅಂದೇ. ರಾಜ ಹೊಸವರ್ಷದ ಸಂದೇಶ ಕೊಟ್ಟ; ಮಾತುಕತೆಗೆ ಬನ್ನಿ ಎಂದ; ಯಾರೂ ಕಿವಿಗೊಡಲಿಲ್ಲ. ನಮ್ಮ ಸಭೆಯಲ್ಲಿ ಜಗಳ ಎದ್ದದ್ದು ಮರುದಿನ, ಶನಿವಾರದ ಆರಾಧನೆಯ ನಂತರ. ವಾರವಾರವೂ ರಾಜನಿಗಾಗಿ ಪ್ರಾರ್ಥಿಸುವುದು ಅಲ್ಲಿನ ರೂಢಿ. ಅರಸರಿಗಾಗಿ, ಅಧಿಕಾರಿಗಳಿಗಾಗಿ ಬೇಡಿಕೊಳ್ಳಿರಿ ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತಿದೆಯಲ್ಲ. ಕ್ಯಾಂಪಸ್ ಹುಡುಗನೊಬ್ಬ ಎದ್ದು ನಿಂತು, ‘ನನ್ನ ಗೆಳೆಯರ ತಲೆ ಒಡೆಸುತ್ತಿರುವವನ ಹೆಸರು ಹಿಡಿದು ಇನ್ನು ನಾನು ಆಮೆನ್ ಎನ್ನಲಾರೆ’ ಎಂದ. ಹವಾಲ್ದಾರನ ಹೆಂಡತಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಗಂಡ ಅಂದೂ ಡ್ಯೂಟಿಯ ಮೇಲೆ ಇದ್ದ. ಅವನು ಬೀದಿಯಲ್ಲಿ ಏನು ಮಾಡುತ್ತಿದ್ದಾನೆಂದು ಅವಳಿಗೂ ತಿಳಿದಿರಲಿಲ್ಲ.

ಎಲ್ಲರೂ ನನ್ನ ಗಂಡನ ಮುಖ ನೋಡಿದರು. ಅವರು ಮಾತಾಡಲಿಲ್ಲ. ಅದು ತಮ್ಮ ಮಾತಲ್ಲ ಎಂದು ಅವರಿಗೆ ತಿಳಿದಿತ್ತು. ಆ ಮೌನಕ್ಕಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಎದ್ದವರು ಸಭೆಯ ಹಿರಿಯರು, ನಾವೆಲ್ಲ ದಾಜು, ಅಂದರೆ ಅಣ್ಣ, ಎನ್ನುತ್ತಿದ್ದವರು. ಪಕ್ಷಗಳಿಗೆ ನಿಷೇಧವಿದ್ದ ಪಂಚಾಯತ್ ಆಳ್ವಿಕೆಯ ಕಾಲದಲ್ಲಿ ನಂಬಿಕೆಯ ಕಾರಣಕ್ಕೆ ಅವರ ಮೇಲೆ ಮೊಕದ್ದಮೆ ನಡೆದಿತ್ತು. 1990ರ ಬದಲಾವಣೆಯ ನಂತರವೇ ಅದು ಬಿದ್ದುಹೋದದ್ದು. ‘ನನ್ನನ್ನು ಜೈಲಿಗೆ ಹಾಕಿದ್ದೂ ರಾಜನ ಹೆಸರಿನಲ್ಲೇ’ ಎಂದರು ಅವರು. ‘ಒಳಗಿದ್ದುಕೊಂಡೂ ನಾನು ರಾಜನಿಗಾಗಿ ಪ್ರಾರ್ಥಿಸಿದೆ. ಅವನು ಮಾಡುತ್ತಿರುವುದು ಸರಿ ಎಂದಲ್ಲ. ಅವನ ಮನಸ್ಸು ತಿರುಗಲಿ ಎಂದು. ಭಾಯಿ, ನೀನು ಹಾಗೆ ಪ್ರಾರ್ಥಿಸಲಾರೆಯಾ?’ ಹುಡುಗ ಉತ್ತರಿಸಲಿಲ್ಲ. ಆದರೆ ಎದ್ದುಹೋಗಲೂ ಇಲ್ಲ. ಅಂದಿನಿಂದ ಪ್ರಾರ್ಥನೆಯ ಪಟ್ಟಿಯಲ್ಲಿ ಎರಡು ಹೆಸರು ಸೇರಿದವು: ಬೀದಿಯಲ್ಲಿ ಇರುವ ನಮ್ಮ ಹುಡುಗರು, ಬೀದಿಯಲ್ಲಿ ಇರುವ ನಮ್ಮ ಪೊಲೀಸರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು ಎಂಬುದು ಹಿರಿಯರ ಕಟ್ಟಪ್ಪಣೆ.

ಮುಂದಿನ ವಾರ ಅದೇ ಹುಡುಗನನ್ನು ಅವನ ಗೆಳೆಯರು ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಕರೆತಂದರು. ಲಾಠಿಯ ಏಟು ತಡೆಯಲು ಎತ್ತಿದ ಎಡಗೈ ಮಣಿಕಟ್ಟಿನ ಮೇಲೆ ಊದಿಕೊಂಡಿತ್ತು. ಬೆರಳುಗಳು ಬೆಚ್ಚಗಿವೆಯೇ, ಅಲುಗಾಡುತ್ತವೆಯೇ ಎಂದು ಮೊದಲು ನೋಡಿದೆ, ಅಲುಗಾಡಿದವು. ಮನೆಯಲ್ಲಿ ದಬ್ಬೆ ಇರಲಿಲ್ಲ. ವಾಯ್ ವಾಯ್ ನೂಡಲ್ಸ್‌ನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಎರಡು ಪದರ ಮಡಚಿ, ಒಳಗೆ ಮಗನ ಹಳೆಯ ಬನಿಯನ್ ಸುತ್ತಿ ಮೊಣಕೈಯಿಂದ ಬೆರಳ ಬುಡದವರೆಗೆ ಇಟ್ಟೆ. ಬಿಗಿದು ಕಟ್ಟಲು ಉದ್ದನೆಯ ಬಟ್ಟೆ ಬೇಕಿತ್ತು. ಓಣಿಯ ಕೊನೆಯ ಮನೆಯ ಮುದುಕಿ ಆಮಾ, ನಮ್ಮ ಸಭೆಯಲ್ಲೇ ಎಲ್ಲರಿಗಿಂತ ಹಿರಿಯಳು, ಸೊಂಟಕ್ಕೆ ಸುತ್ತಿದ್ದ ಪಟುಕಾವನ್ನೇ ಬಿಚ್ಚಿ ಕೊಟ್ಟಳು. ಮರುದಿನ ಬೆಳಿಗ್ಗೆ ಕರ್ಫ್ಯೂ ಸಡಿಲವಾದೊಡನೆ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಮೂಳೆ ಜಾಗ ಬಿಟ್ಟಿರಲಿಲ್ಲ. ಊತ ಇಳಿಯುವವರೆಗೆ ಅದೇ ಕಟ್ಟು ಇರಲಿ ಎಂದು ವೈದ್ಯರು ಹೇಳಿದರು.

ಪಟುಕಾ ಕೊಟ್ಟ ಆಮಾ ಏಪ್ರಿಲ್ 19ರ ರಾತ್ರಿ ತೀರಿಕೊಂಡಳು. ಬಹಳ ದಿನದಿಂದ ಉಬ್ಬಸ ಇತ್ತು. ಮರುದಿನವೇ ಇಡೀ ಆಂದೋಲನದ ಅತಿ ಕಠಿಣ ದಿನ. 20ರಂದು ನಸುಕಿನ 2ರಿಂದ ರಾತ್ರಿ 8ರವರೆಗೆ ಕರ್ಫ್ಯೂ ಹಾಕಿದ್ದರು. ಅದನ್ನು ಧಿಕ್ಕರಿಸಿ ಲಕ್ಷಗಟ್ಟಲೆ ಜನ ರಿಂಗ್ ರೋಡಿಗೆ ಬಂದರು. ಕಲಂಕಿಯಲ್ಲಿ ಗುಂಡಿಗೆ ಕನಿಷ್ಠ ಮೂವರು ಬಲಿಯಾದರು. ನಾವು ಆ ಹಗಲೆಲ್ಲ ಆಮಾಳ ದೇಹದ ಪಕ್ಕದಲ್ಲಿ ಕುಳಿತಿದ್ದೆವು. ಹೆಂಗಸರು ಸರದಿಯಲ್ಲಿ ಒದ್ದೆ ಬಟ್ಟೆ ಬದಲಿಸುತ್ತ, ಮೆಲುದನಿಯಲ್ಲಿ ಭಜನೆ ಹೇಳುತ್ತ ಇದ್ದೆವು. ಹೊರಗೆ ದೂರದಲ್ಲಿ ಜನರ ಕೂಗು ಸಮುದ್ರದ ಮೊರೆತದಂತೆ ಏರುತ್ತ ಇಳಿಯುತ್ತ ಇತ್ತು.

ನೇಪಾಳಿ ಕ್ರೈಸ್ತರಿಗೆ ಸರ್ಕಾರ ಕೊಟ್ಟ ಸ್ಮಶಾನ ಎಂಬುದಿರಲಿಲ್ಲ. ಪಶುಪತಿ ದೇವಾಲಯದ ಸಮೀಪದ ಶ್ಲೇಷ್ಮಾಂತಕ ಕಾಡಿನಲ್ಲಿ ಹೂಳುತ್ತಿದ್ದರು. ಪಾಟನ್‌ನಿಂದ ಅಲ್ಲಿಗೆ ವಾಹನದಲ್ಲಾದರೆ ದೂರವೇನಲ್ಲ. ಆದರೆ ವಾಹನವೇ ಇಲ್ಲ. 21ರ ಬೆಳಿಗ್ಗೆ ಕರ್ಫ್ಯೂ ಇಲ್ಲದ ಹೊತ್ತಿನಲ್ಲಿ ಬಿದಿರಿನ ಚಟ್ಟ ಹೊತ್ತು ನಡೆದೇ ಹೊರಟೆವು. ಶಂಖಮೂಲದಲ್ಲಿ ಬಾಗಮತಿ ದಾಟಿ ಬಾನೇಶ್ವರದ ಕಡೆ ತಿರುಗಿದಾಗ ಸೈನಿಕರು ತಡೆದರು. ರಸ್ತೆಯ ತುಂಬ ಇಟ್ಟಿಗೆ ಚೂರು, ಸುಟ್ಟ ಟೈರಿನ ತಂತಿ. ಚಟ್ಟ ಇಳಿಸಿ, ಬಟ್ಟೆ ಸರಿಸಿ ಆಮಾಳ ಮುಖ ತೋರಿಸಿದೆವು. ಸೈನಿಕನ ಕಣ್ಣು ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗನ ಕಟ್ಟು ಕಟ್ಟಿದ ಕೈ ಮೇಲೆ ಬಿತ್ತು. ಆ ದಿನಗಳಲ್ಲಿ ಮುರಿದ ಕೈ ಎಂದರೆ ಎಲ್ಲಿ ಮುರಿಯಿತೆಂದು ಯಾರೂ ಕೇಳಬೇಕಿರಲಿಲ್ಲ. ‘ನೀನು ಬಾ ಇಲ್ಲಿ’ ಎಂದ.

ಹವಾಲ್ದಾರನ ಹೆಂಡತಿ ಮುಂದೆ ಬಂದಳು. ತನ್ನ ಗಂಡ ಯಾರು, ಯಾವ ಠಾಣೆ ಎಂದು ಮೊದಲು ಹೇಳಿದಳು. ಆಮೇಲೆ, ‘ಇವನು ನನ್ನ ತಮ್ಮ. ಅಜ್ಜಿಯನ್ನು ಮಣ್ಣು ಮಾಡಲು ಬಂದಿದ್ದಾನೆ’ ಎಂದಳು. ಸೈನಿಕ ಅವಳನ್ನೂ ಅವನನ್ನೂ ನೋಡಿದ. ಅವಳು ಗುಡ್ಡಗಾಡಿನ ತಮಾಂಗ್ ಜನಾಂಗದವಳು, ಅವನು ಬಾಹುನ್, ಅಂದರೆ ಬ್ರಾಹ್ಮಣ ಮನೆಯ ಹುಡುಗ. ಮುಖ ನೋಡಿದರೆ ನೇಪಾಳದಲ್ಲಿ ಯಾರಿಗೂ ತಿಳಿಯುತ್ತದೆ. ‘ಬೇಗ ಹೋಗಿ, ಕರ್ಫ್ಯೂ ಹೊತ್ತಿಗೆ ವಾಪಸ್ಸು ಬನ್ನಿ’ ಎಂದು ದಾರಿ ಬಿಟ್ಟ. ಹುಡುಗ ಕಾಡು ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಅಲ್ಲಿ ಒಂದೇ ಕೈಯಲ್ಲಿ ಮಣ್ಣು ಎಳೆದ. ಅವಳು ಗುದ್ದಲಿ ಹಿಡಿದಿದ್ದಳು. ಪ್ರಾರ್ಥನೆಯನ್ನು ದಾಜು ಚಿಕ್ಕದಾಗಿ ಮುಗಿಸಿದರು. ಹೊತ್ತು ಇರಲಿಲ್ಲ.

ಅಂದು ಸಂಜೆ ರಾಜ ಟಿವಿಯಲ್ಲಿ ಬಂದು ಕಾರ್ಯಾಂಗದ ಅಧಿಕಾರವನ್ನು ಜನರಿಗೆ ಹಿಂದಿರುಗಿಸುವುದಾಗಿಯೂ ಪಕ್ಷಗಳು ಪ್ರಧಾನಿಯ ಹೆಸರು ಸೂಚಿಸಲೆಂದೂ ಹೇಳಿದ. ಸಂಸತ್ತಿನ ಮಾತೇ ಇರಲಿಲ್ಲ. ಪಕ್ಷಗಳು ತಿರಸ್ಕರಿಸಿದವು. ಆದರೆ ಭಾರತ ಸರ್ಕಾರ ಆ ಭಾಷಣವನ್ನು ಸ್ವಾಗತಿಸಿತು. ಬೀದಿಯ ಸಿಟ್ಟು ಭಾರತದ ಕಡೆಗೂ ತಿರುಗಿತು, ನಮಗೆ ಮೊದಲ ಬಾರಿ ನಮ್ಮದೇ ಜೀವದ ಭಯವಾಯಿತು. 2000ದ ಡಿಸೆಂಬರ್‌ನಲ್ಲಿ ಹಿಂದಿ ನಟನೊಬ್ಬ ಆಡಿದನೆಂಬ ಮಾತಿನ ವದಂತಿಗೇ ಕಠ್ಮಂಡುವಿನಲ್ಲಿ ಭಾರತೀಯರ ಅಂಗಡಿಗಳ ಮೇಲೆ ದಾಳಿಯಾಗಿತ್ತು. ಆ ಕಥೆ ಎಲ್ಲರ ನೆನಪಿನಲ್ಲಿತ್ತು. ಮನೆಯೊಡತಿ ಮೆಟ್ಟಿಲೇರಿ ಬಂದು ಮಕ್ಕಳನ್ನು ತನ್ನ ಅಟ್ಟದ ಕೋಣೆಗೆ ಕರೆದುಕೊಂಡು ಹೋದಳು. ‘ಯಾರಾದರೂ ಕೇಳಿದರೆ ಮೇಲೆ ಇರುವುದು ನನ್ನ ಮೊಮ್ಮಕ್ಕಳು’ ಎಂದಳು. ಅವಳು ನಮ್ಮ ಸಭೆಯವಳಲ್ಲ. ದಿನವೂ ಬೆಳಿಗ್ಗೆ ತಟ್ಟೆಯಲ್ಲಿ ಹೂ, ಅಕ್ಷತೆ ಹಿಡಿದು ಗಣೇಶನ ಗುಡಿಗೆ ಹೋಗುವವಳು. ಆ ಋಣ ನನ್ನ ಮೇಲೆ ಹಾಗೆಯೇ ಇದೆ. ಮರುದಿನ ದೆಹಲಿ ತನ್ನ ಮಾತನ್ನು ತಿದ್ದಿಕೊಂಡಿತು. ನೇಪಾಳದ ಜನರ ಜತೆ ಇದ್ದೇವೆ ಎಂದಿತು. ಓಣಿಯಲ್ಲಿ ನಮಗೆ ಯಾರೂ ಏನೂ ಅನ್ನಲಿಲ್ಲ.

24ರ ರಾತ್ರಿ ಸುಮಾರು ಹನ್ನೊಂದೂವರೆಗೆ ರಾಜ ಮತ್ತೆ ಟಿವಿಯಲ್ಲಿ ಬಂದ. 2002ರಲ್ಲಿ ವಿಸರ್ಜನೆಯಾದ ಸಂಸತ್ತಿನ ಕೆಳಮನೆಯನ್ನು ಮರಳಿ ಸ್ಥಾಪಿಸಿರುವುದಾಗಿ ಹೇಳಿದ. ಮಾತು ಮುಗಿಯುವ ಮೊದಲೇ ಓಣಿಯಲ್ಲಿ ಕೇಕೆ. ಬೆಳಗಾದರೆ ಊರೆಲ್ಲ ಅಬೀರ್, ಎಲ್ಲರ ಹಣೆಯೂ ಕೆಂಪು. ಮಕ್ಕಳನ್ನು ಕೆಳಗಿಳಿಸಿದೆವು. 28ರಂದು ಸಂಸತ್ತು ಸೇರಿತು.

29ರ ಶನಿವಾರ ಎಲ್ಲರೂ ಮತ್ತೆ ಒಂದೇ ಕಡೆ ಕೂಡಿದೆವು, ಮಾದಲ್ ಸಹಿತ. ಸಾಕ್ಷಿಯ ಹೊತ್ತಿನಲ್ಲಿ ಬಹುತೇಕರು ಗೆಲುವಿಗಾಗಿ ಸ್ತೋತ್ರ ಸಲ್ಲಿಸಿದರು. ಹವಾಲ್ದಾರ ಬಂದಿರಲಿಲ್ಲ. ಗೆದ್ದವರ ನಡುವೆ ಬಂದು ಕೂರಲು ಅವನಿಗೆ ಮುಖವಿಲ್ಲ ಎಂದು ಹೆಂಡತಿ ನನಗೆ ಹೇಳಿದಳು. ಆರಾಧನೆ ಮುಗಿದ ಮೇಲೆ ದಾಜು, ನನ್ನ ಗಂಡ, ಆ ಹುಡುಗ ಮೂವರೂ ಅವನ ಕೋಣೆಗೆ ಹೋದರು. ಅಲ್ಲಿ ಏನು ಮಾತಾಯಿತೆಂದು ನನ್ನ ಗಂಡ ಪೂರ್ತಿ ಹೇಳಿಲ್ಲ. ಹುಡುಗನ ಕೈ ನೋಡಿ ಹವಾಲ್ದಾರ ತುಂಬ ಹೊತ್ತು ಅತ್ತ ಎಂದಷ್ಟೇ ತಿಳಿದಿದೆ. ಅದು ಅವನದೇ ಲಾಠಿಯಲ್ಲ. ಆದರೆ ಅವನ ಲಾಠಿ ಬೇರೆ ಯಾರದೋ ಕೈ ಮೇಲೆ ಬಿದ್ದಿತ್ತು. ಹುಡುಗ ಸಿಟ್ಟು ಬಿಟ್ಟನೇ? ಒಮ್ಮೆಗೆ ಬಿಡಲಿಲ್ಲ. ಹಲವು ವಾರ ಅವನು ಪ್ರಾರ್ಥನೆಯಲ್ಲಿ ಪೊಲೀಸರ ಹೆಸರು ಬಂದಾಗ ಬಾಯಿ ಮುಚ್ಚಿಕೊಂಡೇ ಇದ್ದ. ಯಾರೂ ಅವನನ್ನು ಒತ್ತಾಯಿಸಲಿಲ್ಲ. ಕ್ಷಮೆಯನ್ನು ಸಭೆಯ ತೀರ್ಮಾನವಾಗಿ ಹೊರಡಿಸಲು ಬರುವುದಿಲ್ಲ ಎಂದು ದಾಜು ಹೇಳುತ್ತಿದ್ದರು.

ಮೇ 18ರಂದು ಸಂಸತ್ತು ನೇಪಾಳವನ್ನು ಜಾತ್ಯತೀತ ರಾಷ್ಟ್ರವೆಂದು ಘೋಷಿಸಿತು. ಭಾರತದಲ್ಲಿನ ಗೆಳೆಯರು ಸಂಭ್ರಮದಿಂದ ಫೋನು ಮಾಡಿದರು. ನಮ್ಮ ಹಿರಿಯರು ಸಂತೋಷಪಟ್ಟರು, ಆದರೆ ಓಣಿಯಲ್ಲಿ ಆ ಬಗ್ಗೆ ಗಟ್ಟಿಯಾಗಿ ಮಾತಾಡಬಾರದೆಂದು ಎಲ್ಲರಿಗೂ ಹೇಳಿದರು. ನೆರೆಯವರಲ್ಲಿ ಹಲವರಿಗೆ ಅದು ನೋವಿನ ಸುದ್ದಿಯಾಗಿತ್ತು. ಅದು ಸರಿಯಾದ ನಡೆ ಎಂದೇ ನನಗೆ ಅನಿಸಿತು. ಅಷ್ಟರಲ್ಲಿ ಶಾಲೆ ತೆರೆದಿತ್ತು, ಮಗಳ ಪುಸ್ತಕ ಬಂದಿತ್ತು. ನನ್ನ ಗಂಡನ ತರಗತಿಗೆ ರೋಲ್ಪಾ, ರುಕುಮ್ ಕಡೆಯ ಸಭಾಪಾಲಕರು ಮೊದಲ ಬಾರಿ ಬರುವಂತಾದರು. ಅಲ್ಲಿನ ಹಳ್ಳಿಗಳಲ್ಲಿ ಹತ್ತು ವರ್ಷ ಯುದ್ಧ ನಡೆದಿತ್ತು. ಒಂದೇ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರ ಅಣ್ಣನನ್ನು ಸೈನ್ಯ ಕೊಂದಿತ್ತು, ಇನ್ನೊಬ್ಬರ ತಂದೆಯನ್ನು ಮಾವೋವಾದಿಗಳು. ಮೊದಲ ದಿನದ ಪಾಠಕ್ಕೆ ಮುಂಚೆ ದಾಜುವನ್ನು ಕರೆಸಿ ಮಾತಾಡಿಸಬೇಕು ಎಂದು ನನ್ನ ಗಂಡ ನಿರ್ಧರಿಸಿದರು. ದಾಜು ಒಬ್ಬರೇ ಬರಲಿಲ್ಲ. ಹವಾಲ್ದಾರನನ್ನೂ ಹುಡುಗನನ್ನೂ ಕರೆದುಕೊಂಡು ಬಂದರು.